ಟರ್ಪಾಲಿನ ಬಿಗಿಹಗ್ಗಕ್ಕೆ ಕಡಿಮೆ ಬೆಲೆಯ ಹಗ್ಗ: ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರು ಮತ್ತು ಉಡುಪಿಯ ಸುತ್ತಮುತ್ತಲಿನ ಹೊಳೆಬದಿಗಳಲ್ಲಿ, ಕಡಲದಂಡೆಯಲ್ಲಿ, ಘಟ್ಟದ ಬುಡದ ತೋಟಗಳಲ್ಲಿ ರಾತ್ರಿ ತಂಗಲು ಹೊರಡುವವರಲ್ಲಿ ಟೆಂಟನ್ನು ಬಿಟ್ಟು ಒಂದು ಟರ್ಪಾಲು, ಕೆಲವು ಗೂಟಗಳು ಮತ್ತು ಒಂದಿಷ್ಟು ಹಗ್ಗವನ್ನಷ್ಟೇ ಕೊಂಡೊಯ್ಯುವವರಿದ್ದಾರೆ. ಟರ್ಪಾಲನ್ನು ಆರಿಸುವಾಗ ತೋರುವ ಕಾಳಜಿಯನ್ನು ಹಗ್ಗದ ವಿಷಯದಲ್ಲಿ ತೋರುವವರು ಕಡಿಮೆ. ಆದರೆ ನಡುರಾತ್ರಿಯ ಮಳೆಯಲ್ಲಿ ಟರ್ಪಾಲು ಜೋತುಬಿದ್ದು ಅದರ ಹೊಟ್ಟೆಯಲ್ಲಿ ನೀರು ನಿಂತಾಗ, ಕಾರಣ ಹೆಚ್ಚಾಗಿ ಹಗ್ಗದಲ್ಲೇ ಇರುತ್ತದೆ. ಒಳ್ಳೆಯ ಹಗ್ಗಕ್ಕೆ ಹೆಚ್ಚು ಹಣ ಬೇಕಾಗಿಲ್ಲ. ಯಾವುದನ್ನು ಕೇಳಬೇಕು, ಕೈಗೆ ಬಂದದ್ದು ಯಾವುದು ಎಂದು ಹೇಗೆ ತಿಳಿಯಬೇಕು ಎಂಬುದು ಗೊತ್ತಿದ್ದರೆ ಸಾಕು.

ಬಿಗಿಹಗ್ಗ ಎಂದು ಇಲ್ಲಿ ಯಾವುದನ್ನು ಕರೆಯಲಾಗಿದೆ?

ಟರ್ಪಾಲಿನ ಮೂಲೆಗಳಿಂದಲೂ ಅಂಚಿನ ನಡುಭಾಗದಿಂದಲೂ ಹೊರಟು ನೆಲದ ಗೂಟಕ್ಕೋ ಹತ್ತಿರದ ಮರಕ್ಕೋ ಬಿಗಿಯುವ ಹಗ್ಗಗಳನ್ನು. ಎರಡು ಮರಗಳ ನಡುವೆ ಎಳೆದು, ಅದರ ಮೇಲೆ ಟರ್ಪಾಲನ್ನು ಮಾಡಿನ ಹಾಗೆ ಇಳಿಬಿಡುವ ಹಗ್ಗವನ್ನು ಅಡ್ಡಹಗ್ಗ ಎನ್ನೋಣ. ಅಡ್ಡಹಗ್ಗದ ಮೇಲೆ ಎಳೆತ ಹೆಚ್ಚು, ಆದ್ದರಿಂದ ಅದು ಸ್ವಲ್ಪ ದಪ್ಪವಿರಬೇಕು. ಉಳಿದ ಮಾತುಗಳು ಎರಡಕ್ಕೂ ಅನ್ವಯಿಸುತ್ತವೆ.

ಎಷ್ಟು ಕಿಲೋ ತಡೆಯುವ ಹಗ್ಗ ಬೇಕು?

ಹೆಚ್ಚಿನವರು ಊಹಿಸುವುದಕ್ಕಿಂತ ಬಹಳ ಕಡಿಮೆ. ಗಾಳಿಯ ಒತ್ತಡವನ್ನು ಲೆಕ್ಕ ಹಾಕಿ ನೋಡಿದರೆ ಇದು ತಿಳಿಯುತ್ತದೆ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಬೀಸುವ ಗಾಳಿಯು ತನಗೆ ಎದುರಾಗಿ ನಿಂತ ಹಾಳೆಯ ಪ್ರತಿ ಚದರ ಮೀಟರಿನ ಮೇಲೆ ಸುಮಾರು 12 ಕಿಲೋ ತೂಕದಷ್ಟು ಒತ್ತಡವನ್ನು ಹಾಕುತ್ತದೆ. 3 ಮೀಟರ್ ಉದ್ದ ಮತ್ತು 3 ಮೀಟರ್ ಅಗಲದ, ಅಂದರೆ ಸರಿಸುಮಾರು ಹತ್ತಡಿ ಚೌಕದ ಟರ್ಪಾಲಿನ ವಿಸ್ತೀರ್ಣ 9 ಚದರ ಮೀಟರ್. ಇಡೀ ಟರ್ಪಾಲು ಗಾಳಿಗೆ ನೇರವಾಗಿ ಎದುರಾದರೂ ಒಟ್ಟು ಎಳೆತ 105ರಿಂದ 110 ಕಿಲೋ ಆಗುತ್ತದೆ. ಆರು ಹಗ್ಗಗಳು ಅದನ್ನು ಹಂಚಿಕೊಂಡರೆ ಒಂದೊಂದರ ಪಾಲಿಗೆ ಬರುವುದು 20 ಕಿಲೋಗಿಂತ ಕಡಿಮೆ. ಗಾಳಿ ಸಮನಾಗಿ ಬೀಸುವುದಿಲ್ಲ, ಬೀಸಿದ ದಿಕ್ಕಿನ ಒಂದೆರಡು ಹಗ್ಗಗಳ ಮೇಲೆಯೇ ಹೆಚ್ಚಿನ ಭಾರ ಬೀಳುತ್ತದೆ, ಟರ್ಪಾಲು ಪಟಪಟನೆ ಬಡಿದಾಗ ಎಳೆತ ಇನ್ನೂ ಏರುತ್ತದೆ ಎಂದು ಎರಡೂವರೆ ಪಟ್ಟು ಹಿಡಿದರೂ 50 ಕಿಲೋ ಆಯಿತು. ಇದರ ಜೊತೆಗೆ, ಗಂಟು ಬಿದ್ದ ಜಾಗದಲ್ಲಿ ಯಾವ ಹಗ್ಗವಾದರೂ ತನ್ನ ಬಲದ ಮೂರನೆಯ ಒಂದು ಭಾಗದಿಂದ ಅರ್ಧದವರೆಗೆ ಕಳೆದುಕೊಳ್ಳುತ್ತದೆ. ಇದನ್ನೆಲ್ಲ ಸೇರಿಸಿ ನೋಡಿದರೆ, 100ರಿಂದ 150 ಕಿಲೋ ಎಳೆತವನ್ನು ತಡೆಯುವ ಹಗ್ಗ ಈ ಅಳತೆಯ ಟರ್ಪಾಲಿಗೆ ಸಾಕು. ಚೆನ್ನಾಗಿ ತಯಾರಿಸಿದ 3 ಮಿಲಿಮೀಟರ್ ದಪ್ಪದ ಕೃತಕ ನೂಲಿನ ಹಗ್ಗಗಳು ಇಷ್ಟನ್ನು ತಡೆಯುತ್ತವೆ.

ಗಾಳಿಯ ವೇಗ ಎರಡರಷ್ಟಾದರೆ ಒತ್ತಡ ನಾಲ್ಕರಷ್ಟಾಗುತ್ತದೆ ಎಂಬುದು ನಿಜ. ಆದರೆ ಅಂಥ ಗಾಳಿಯಲ್ಲಿ ಹಗ್ಗ ತುಂಡಾಗುವ ಮೊದಲು ಟರ್ಪಾಲಿನ ಅಂಚಿನ ಲೋಹದ ರಿಂಗು ಕಿತ್ತುಬರುತ್ತದೆ, ಇಲ್ಲವೇ ಗೂಟ ಎದ್ದುಬರುತ್ತದೆ. ಮತ್ತು ಅಂಥ ಗಾಳಿಯಲ್ಲಿ ಯಾರೂ ಟರ್ಪಾಲಿನ ಕೆಳಗೆ ಮಲಗಿರಬಾರದು. ಆದ್ದರಿಂದ ಹೆಚ್ಚಿನ ಬಲಕ್ಕಾಗಿ ಹೆಚ್ಚಿನ ಬೆಲೆ ಕೊಡುವುದರಲ್ಲಿ ಪ್ರಯೋಜನವಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಬಲವನ್ನು ನೋಡಬೇಕಾಗಿಲ್ಲ ಎಂದಾದರೆ ನೋಡಬೇಕಾದದ್ದು ಏನನ್ನು?

ಮೊದಲನೆಯದಾಗಿ, ಒದ್ದೆಯಾದಾಗ ಹಗ್ಗ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ಕರಾವಳಿ ನಮ್ಮದು. ಘಟ್ಟ ಹತ್ತಿ ಆಗುಂಬೆಗೆ ಹೋದರೆ ಅದು 7000 ಮಿಲಿಮೀಟರನ್ನು ಮೀರುತ್ತದೆ. ಮಳೆಗಾಲದಲ್ಲಿ ಬಿಡಾರ ಹೂಡದವರೂ ತೇವದಿಂದ ತಪ್ಪಿಸಿಕೊಳ್ಳುವಂತಿಲ್ಲ, ಏಕೆಂದರೆ ನವೆಂಬರಿನಿಂದ ಫೆಬ್ರುವರಿಯವರೆಗಿನ ರಾತ್ರಿಗಳಲ್ಲಿ ಬೀಳುವ ಇಬ್ಬನಿಯೂ ಕಡಲಿನಿಂದ ಬರುವ ತೇವದ ಗಾಳಿಯೂ ಹಗ್ಗವನ್ನು ನೆನೆಸಲು ಸಾಕಾಗುತ್ತವೆ. ಎರಡನೆಯದು, ಗಂಟನ್ನು ಹಿಡಿದಿಟ್ಟುಕೊಳ್ಳುವ ಗುಣ. ಮೂರನೆಯದು, ಬಿಸಿಲನ್ನು ತಾಳುವ ಗುಣ. ಈ ಮೂರರಲ್ಲಿ ಮೊದಲನೆಯದಕ್ಕೆ ಉಳಿದೆರಡನ್ನೂ ಸೇರಿಸಿದಷ್ಟು ಮಹತ್ವ ಕೊಡಬಹುದು.

ನೈಲಾನ್ ಹಗ್ಗ ಮಳೆಯಲ್ಲಿ ಸಡಿಲವಾಗುವುದು ಏಕೆ?

ನೈಲಾನಿನ ಎಳೆಯು ನೀರನ್ನು ತನ್ನೊಳಕ್ಕೆ ಹೀರಿಕೊಳ್ಳುತ್ತದೆ. ಪೂರ್ತಿ ನೆನೆದಾಗ ತನ್ನ ತೂಕದ ಸುಮಾರು ನೂರಕ್ಕೆ 9ರಷ್ಟು ನೀರನ್ನು ಅದು ಹಿಡಿದಿಡಬಲ್ಲದು. ಪಾಲಿಯೆಸ್ಟರಿನ ಎಳೆಯು ಹೀರುವ ನೀರು ನೂರಕ್ಕೆ ಅರ್ಧದಷ್ಟೂ ಇಲ್ಲ. ನೀರು ಸೇರಿದ ನೈಲಾನ್ ಮೆತ್ತಗಾಗಿ, ಅದೇ ಎಳೆತಕ್ಕೆ ಹೆಚ್ಚು ಹಿಗ್ಗುತ್ತದೆ. ಸಂಜೆ ತಂತಿಯಂತೆ ಬಿಗಿದ ಹಗ್ಗ ನಡುರಾತ್ರಿ ಜೋಲುತ್ತದೆ, ಟರ್ಪಾಲು ತಗ್ಗುತ್ತದೆ, ತಗ್ಗಿದಲ್ಲಿ ನೀರು ನಿಲ್ಲುತ್ತದೆ, ನಿಂತ ನೀರಿನ ಭಾರಕ್ಕೆ ಹಗ್ಗ ಮತ್ತಷ್ಟು ಹಿಗ್ಗುತ್ತದೆ. ಹಿಗ್ಗುವ ಈ ಗುಣವು ಹಠಾತ್ತಾಗಿ ಬೀಸುವ ಗಾಳಿಯ ಹೊಡೆತವನ್ನು ತಾಳಿಕೊಳ್ಳಲು ಒಳ್ಳೆಯದೇ. ಆದರೆ ಮಲಗುವ ಮೊದಲೊಮ್ಮೆ, ಮಳೆ ಶುರುವಾದ ಮೇಲೆ ಮತ್ತೊಮ್ಮೆ ಎದ್ದು ಬಿಗಿಯಲು ಸಿದ್ಧರಿರುವವರು ಮಾತ್ರ ನೈಲಾನನ್ನು ಆರಿಸಿಕೊಳ್ಳಬೇಕು.

ಇದಕ್ಕೆ ಸೇರಿದ ಒಂದು ಮಾತನ್ನು ಇಲ್ಲಿಯೇ ಹೇಳಬೇಕು. ಟರ್ಪಾಲೇ ತೆಳುವಾದ ನೈಲಾನ್ ಬಟ್ಟೆಯದ್ದಾಗಿದ್ದರೆ ಅದೂ ಒದ್ದೆಯಾದಾಗ ಹಿಗ್ಗುತ್ತದೆ, ಮತ್ತು ಎಷ್ಟು ಒಳ್ಳೆಯ ಹಗ್ಗ ಹಾಕಿದರೂ ಮತ್ತೆ ಬಿಗಿಯಲೇಬೇಕಾಗುತ್ತದೆ. ಅಂಗಳಕ್ಕೂ ಕಟ್ಟಿಗೆ ರಾಶಿಗೂ ಹೊದಿಸುವ ಸಾಮಾನ್ಯ ಪಾಲಿಥೀನ್ ಟರ್ಪಾಲಿಗೆ ಈ ತೊಂದರೆ ಇಲ್ಲ.

ಅಂಗಡಿಯಲ್ಲಿ ಎಲ್ಲ ಹಗ್ಗವನ್ನೂ ನೈಲಾನ್ ಎಂದೇ ಕೊಡುತ್ತಾರೆ. ನಿಜವಾಗಿ ಯಾವುದೆಂದು ತಿಳಿಯುವುದು ಹೇಗೆ?

ಅಂಗಡಿಯವರ ಮಾತನ್ನು ನೆಚ್ಚಿಕೊಳ್ಳುವ ಅಗತ್ಯವಿಲ್ಲ; ಒಂದು ಬಾಟಲಿ ನೀರು ಸಾಕು. ಒಂದು ಗೇಣು ಹಗ್ಗವನ್ನು ಕತ್ತರಿಸಿ, ಪಾತ್ರೆ ತೊಳೆಯುವ ಸಾಬೂನಿನ ನೀರಿನಲ್ಲಿ ಚೆನ್ನಾಗಿ ಹಿಂಡಿ, ಎಳೆಗಳ ನಡುವಿನ ಗಾಳಿಯನ್ನು ಹೊರಹಾಕಿ ನೀರಿಗೆ ಬಿಡಿ. ಪಾಲಿಪ್ರೊಪಿಲೀನ್ ಮತ್ತು ಪಾಲಿಥೀನ್ ನೀರಿಗಿಂತ ಹಗುರವಾದ್ದರಿಂದ ತೇಲುತ್ತವೆ; ನೈಲಾನ್ ಮತ್ತು ಪಾಲಿಯೆಸ್ಟರ್ ಮುಳುಗುತ್ತವೆ. ಒಂದು ಘನ ಸೆಂಟಿಮೀಟರಿಗೆ ಪಾಲಿಪ್ರೊಪಿಲೀನ್ 0.91 ಗ್ರಾಂ, ಗಟ್ಟಿ ಪಾಲಿಥೀನ್ 0.95 ಗ್ರಾಂ, ನೈಲಾನ್ 1.14 ಗ್ರಾಂ, ಪಾಲಿಯೆಸ್ಟರ್ 1.38 ಗ್ರಾಂ ತೂಗುವುದರಿಂದ ಈ ಪರೀಕ್ಷೆ ಸುಳ್ಳಾಗುವುದಿಲ್ಲ. ಹೊರಗೊಂದು ಒಳಗೊಂದು ವಸ್ತು ಇರುವ ಹಗ್ಗವಾದರೆ ಹೊದಿಕೆಯನ್ನೂ ಒಳ ಎಳೆಗಳನ್ನೂ ಬೇರ್ಪಡಿಸಿ ನೋಡಬೇಕು.

ಮುಳುಗಿದ ಎರಡರಲ್ಲಿ ಯಾವುದೆಂದು ತಿಳಿಯಲು ಮನೆಯಲ್ಲಿ ಇನ್ನೊಂದು ಪರೀಕ್ಷೆ ಮಾಡಬಹುದು. ನಾಲ್ಕೈದು ಮೀಟರ್ ಹಗ್ಗವನ್ನು ಎರಡು ಕಂಬಗಳ ನಡುವೆ ಒಣಗಿರುವಾಗಲೇ ಬಿಗಿದು, ನಡುವೆ ಒಂದು ಸಣ್ಣ ಕಲ್ಲನ್ನು ತೂಗುಬಿಟ್ಟು, ಹಗ್ಗದ ಉದ್ದಕ್ಕೂ ನೀರು ಸುರಿದು ಒಂದು ಗಂಟೆ ಬಿಡಿ. ಕಲ್ಲು ಕಾಣುವಷ್ಟು ಕೆಳಗಿಳಿದರೆ ನೈಲಾನ್, ಇದ್ದಲ್ಲೇ ಇದ್ದರೆ ಪಾಲಿಯೆಸ್ಟರ್. ಗಂಟು ಜಾರಿ ಕಲ್ಲು ಇಳಿದಿದೆಯೇ ಎಂಬುದನ್ನು ಮಾತ್ರ ನೋಡಿಕೊಳ್ಳಿ.

ತುದಿಗೆ ಬೆಂಕಿ ಹಿಡಿದು ನೋಡುವ ಕ್ರಮವೂ ಇದೆ. ತೇಲುವ ಎರಡೂ ಬಗೆಗಳು ಮೇಣದಬತ್ತಿ ಆರಿಸಿದಾಗ ಬರುವ ವಾಸನೆ ಕೊಡುತ್ತವೆ, ಪಾಲಿಯೆಸ್ಟರ್ ಕಪ್ಪು ಹೊಗೆ ಬಿಡುತ್ತದೆ. ಕರಗಿ ತೊಟ್ಟಿಕ್ಕುವ ಹನಿ ಚರ್ಮಕ್ಕೆ ಅಂಟಿ ಸುಡುವುದರಿಂದ ಈ ಪರೀಕ್ಷೆಯನ್ನು ಬಯಲಿನಲ್ಲಿ, ಇಕ್ಕಳದಲ್ಲಿ ಹಿಡಿದು ಮಾಡಬೇಕು. ಬಾಟಲಿಯ ನೀರು ಇರುವಾಗ ಇದರ ಅವಶ್ಯಕತೆ ವಿರಳ.

ಹಾಗಾದರೆ ಯಾವುದನ್ನು ಕೊಳ್ಳಬೇಕು?

ಸಿಕ್ಕಿದರೆ, 3 ಮಿಲಿಮೀಟರ್ ದಪ್ಪದ ಹೆಣೆದ ಪಾಲಿಯೆಸ್ಟರ್ ಹಗ್ಗ. ಅದು ಒದ್ದೆಯಾದರೂ ಹಿಗ್ಗುವುದಿಲ್ಲ, ಬಿಸಿಲನ್ನು ಚೆನ್ನಾಗಿ ತಾಳುತ್ತದೆ, ಗಂಟನ್ನು ಹಿಡಿದಿಡುತ್ತದೆ, ಕೈಗೆ ಮೃದುವಾಗಿರುತ್ತದೆ. ಚೀಲ ಮತ್ತು ಬಟ್ಟೆ ಹೊಲಿಯುವವರಿಗೆ ಸಾಮಾನು ಮಾರುವ ಅಂಗಡಿಗಳಲ್ಲಿ ಡೋರಿ ಎಂದು ಕೊಡುವ ದುಂಡನೆಯ ಹಗ್ಗ, ಕಿಟಕಿಯ ಬ್ಲೈಂಡ್ಸ್ ಎಳೆಯಲು ಹಾಕುವ ತೆಳು ಹಗ್ಗ ಇವು ಬಹುಮಟ್ಟಿಗೆ ಪಾಲಿಯೆಸ್ಟರಿನವೇ ಆಗಿರುತ್ತವೆ. ಆದರೂ ಮೇಲೆ ಹೇಳಿದ ಪರೀಕ್ಷೆಯನ್ನು ಬಿಡಬೇಡಿ. ಡೋರಿಯಲ್ಲಿ ಒಳಗೆ ಬರೀ ಹತ್ತಿಯೋ ಸ್ಪಂಜೋ ತುಂಬಿರುವ ಬಗೆಯೂ ಇರುತ್ತದೆ, ಅದು ಬೇಡ.

ಪಾಲಿಯೆಸ್ಟರ್ ಸಿಗದಿದ್ದರೆ ಎರಡನೆಯ ಆಯ್ಕೆಯು ಈ ಊರುಗಳಲ್ಲಿ ಸುಲಭವಾಗಿ ಸಿಗುತ್ತದೆ.

ಮಲ್ಪೆ ಅಥವಾ ಮಂಗಳೂರಿನ ಬಂದರಿನಲ್ಲಿ ಸಿಗುವ ಮೀನುಗಾರಿಕೆಯ ಹಗ್ಗ ಈ ಕೆಲಸಕ್ಕೆ ಆಗುತ್ತದೆಯೇ?

ಚೆನ್ನಾಗಿಯೇ ಆಗುತ್ತದೆ. ಉಪ್ಪುನೀರು, ಬಿಸಿಲು, ಎಳೆತ, ಗಂಟು ಇವನ್ನೆಲ್ಲ ದಿನವೂ ತಾಳಬೇಕಾದ ಹಗ್ಗವನ್ನು ಮಾರುವ ಅಂಗಡಿಗಳು ಇಷ್ಟು ಹತ್ತಿರದಲ್ಲಿರುವುದು ಎಲ್ಲ ಊರಿನವರಿಗೂ ಒದಗುವ ಅನುಕೂಲವಲ್ಲ. ಟ್ರಾಲ್ ಬೋಟುಗಳ ಬಲೆಗಳಿಗೆ ಬಳಸುವ ಗಟ್ಟಿ ಪಾಲಿಥೀನಿನ ಹೆಣೆದ ಹುರಿಯನ್ನು 2.5ರಿಂದ 3 ಮಿಲಿಮೀಟರ್ ದಪ್ಪದಲ್ಲಿ ಕೇಳಿ. ಅದು ನೀರನ್ನು ಹೀರುವುದೇ ಇಲ್ಲ, ಬಣ್ಣ ಸೇರಿಸಿ ಮಾಡಿದ್ದರೆ ಬಿಸಿಲಿಗೆ ಬೇಗ ಹಾಳಾಗುವುದಿಲ್ಲ, ಹಗುರವಾಗಿರುತ್ತದೆ. ದೋಷಗಳೂ ಇವೆ: ಸ್ವಲ್ಪ ಬಿರುಸು, ಗಂಟು ಜಾರುವ ಸ್ವಭಾವ, ಮತ್ತು ದಿನಗಟ್ಟಲೆ ಒಂದೇ ಸಮನೆ ಎಳೆದಿಟ್ಟರೆ ನಿಧಾನವಾಗಿ ಉದ್ದವಾಗುವ ಗುಣ. ಒಂದೆರಡು ರಾತ್ರಿಯ ಬಿಡಾರಕ್ಕೆ ಈ ಕೊನೆಯದು ಲೆಕ್ಕಕ್ಕೆ ಬರುವುದಿಲ್ಲ. ಗಂಟು ಜಾರುವುದಕ್ಕೆ ಮುಂದೆ ಪರಿಹಾರ ಹೇಳಲಾಗಿದೆ.

ಅದೇ ಅಂಗಡಿಯಲ್ಲಿ ಬೀಸುಬಲೆ, ಬೀಡುಬಲೆಗಳಿಗಾಗಿ ಇಟ್ಟಿರುವ ನೈಲಾನ್ ನೂಲೂ ಇರುತ್ತದೆ. ನೋಡಲು ಸುಂದರ, ಕೈಗೆ ರೇಷ್ಮೆಯಂತೆ ಮೃದು. ಆದರೆ ಒದ್ದೆಯಾದರೆ ಹಿಗ್ಗುವ ವಸ್ತುವೇ ಅದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವ 61 ದಿನಗಳಲ್ಲಿ ದಕ್ಕೆಯ ಆಸುಪಾಸಿನಲ್ಲಿ ಬಲೆ ಸರಿಪಡಿಸುವ ಕೆಲಸ ನಡೆಯುತ್ತಿರುತ್ತದೆ. ಆ ಕೆಲಸ ಮಾಡುವ ಹಿರಿಯರಲ್ಲಿ ವಿನಯದಿಂದ ಕೇಳಿದರೆ, ಯಾವ ಹಗ್ಗ ಯಾವ ಕೆಲಸಕ್ಕೆ ಎಂಬುದನ್ನು ಅವರಷ್ಟು ಚೆನ್ನಾಗಿ ಬೇರೆ ಯಾರೂ ಹೇಳಲಾರರು.

ಅಲ್ಲಿ ಹಗ್ಗವನ್ನು ಕಿಲೋ ಲೆಕ್ಕದಲ್ಲಿ ಮಾರುತ್ತಾರೆ. ಅಗ್ಗವೋ ದುಬಾರಿಯೋ ಎಂದು ಹೇಗೆ ತಿಳಿಯುವುದು?

ನಮಗೆ ಬೇಕಾದದ್ದು ಉದ್ದ, ತೂಕವಲ್ಲ. ಹತ್ತು ಮೀಟರ್ ಅಳೆದು ತೂಗಿಸಿದರೆ ಲೆಕ್ಕ ಸುಲಭ. ಕಿಲೋಗೆ 300 ರೂಪಾಯಿ ಎಂದಿಟ್ಟುಕೊಳ್ಳೋಣ. ಹತ್ತು ಮೀಟರ್ 50 ಗ್ರಾಂ ತೂಗಿದರೆ ಕಿಲೋಗೆ 200 ಮೀಟರ್ ಬರುತ್ತದೆ, ಮೀಟರಿಗೆ ಒಂದೂವರೆ ರೂಪಾಯಿ ಬೀಳುತ್ತದೆ. ಅದೇ ದರದಲ್ಲಿ, ಅದೇ ದಪ್ಪದ ಪಾಲಿಯೆಸ್ಟರ್ ಹತ್ತು ಮೀಟರಿಗೆ 75 ಗ್ರಾಂ ತೂಗಿದರೆ ಮೀಟರಿಗೆ ಎರಡೂಕಾಲು ರೂಪಾಯಿ. ಕಿಲೋ ದರ ಒಂದೇ ಇದ್ದರೂ ಭಾರವಾದ ವಸ್ತುವಿನ ಹಗ್ಗ ಮೀಟರ್ ಲೆಕ್ಕದಲ್ಲಿ ದುಬಾರಿ ಎಂಬುದನ್ನು ನೆನಪಿಡಬೇಕು. ಪೂರ್ತಿ ಸುರುಳಿ ಕೊಳ್ಳುವುದಾದರೆ ಮೂರು ನಾಲ್ಕು ಮಂದಿ ಗೆಳೆಯರು ಸೇರಿ ಹಂಚಿಕೊಳ್ಳುವುದು ಎಲ್ಲಕ್ಕಿಂತ ಅಗ್ಗದ ದಾರಿ.

ಬಟ್ಟೆ ಒಣಗಿಸಲು ಕಟ್ಟುವ ಹಳದಿ, ನೀಲಿ ಪ್ಲಾಸ್ಟಿಕ್ ಹಗ್ಗ ಸಾಲದೇ?

ಒಂದು ಹಂಗಾಮಿಗೆ ಸಾಕು. ಅದು ಹೆಚ್ಚಾಗಿ ಪಾಲಿಪ್ರೊಪಿಲೀನ್. ನೀರು ಹೀರುವುದಿಲ್ಲ, ಎಲ್ಲ ಹಾರ್ಡ್‌ವೇರ್ ಅಂಗಡಿಗಳಲ್ಲೂ ಸಿಗುತ್ತದೆ, ಬೆಲೆ ಅತಿ ಕಡಿಮೆ. ಆದರೆ ಮಾರ್ಚಿನಿಂದ ಮೇ ತಿಂಗಳವರೆಗಿನ ನಮ್ಮ ಬಿಸಿಲಿಗೆ ಅದು ಬೇಗ ಸಾಯುತ್ತದೆ. ಕೈಯಲ್ಲಿ ಉಜ್ಜಿದಾಗ ಬಿಳಿ ಪುಡಿ ಉದುರತೊಡಗಿದರೆ, ಮಡಚಿದಾಗ ಎಳೆಗಳು ಮುರಿದು ಚುಚ್ಚತೊಡಗಿದರೆ ಅದನ್ನು ನಂಬಬಾರದು. ಕಪ್ಪು ಬಣ್ಣದ್ದು ಹೆಚ್ಚು ಕಾಲ ಬಾಳುತ್ತದೆ, ಏಕೆಂದರೆ ಅದಕ್ಕೆ ಸೇರಿಸಿದ ಇಂಗಾಲದ ಪುಡಿಯು ಬಿಸಿಲು ಒಳಗಿಳಿಯದಂತೆ ತಡೆಯುತ್ತದೆ. ಪೊಟ್ಟಣ ಕಟ್ಟುವ, ಉದ್ದಕ್ಕೂ ಸೀಳಿಕೊಳ್ಳುವ ಪ್ಲಾಸ್ಟಿಕ್ ಸುತ್ತಲಿಯಂತೂ ಈ ಕೆಲಸಕ್ಕೆ ಬೇಡವೇ ಬೇಡ.

ತೆಂಗಿನ ನಾರಿನ ಹಗ್ಗ?

ನಾರಿನ ಹಗ್ಗದ ಬಗ್ಗೆ ಗೌರವವಿಟ್ಟುಕೊಂಡೇ ಬೇಡ ಎನ್ನಬೇಕಾಗಿದೆ. ಪಶ್ಚಿಮ ಕರಾವಳಿಯಲ್ಲಿ ಹಿಂದಿನವರು ದೋಣಿಯ ಹಲಗೆಗಳನ್ನೇ ನಾರಿನ ಹುರಿಯಿಂದ ಹೊಲಿಯುತ್ತಿದ್ದರು, ಏಕೆಂದರೆ ಉಪ್ಪುನೀರಿನಲ್ಲಿ ಅದು ಉಳಿದ ಸಸ್ಯನಾರುಗಳಿಗಿಂತ ಹೆಚ್ಚು ಬಾಳುತ್ತದೆ. ಆದರೆ ಅದೇ ಬಲಕ್ಕೆ ಅದು ಬಹಳ ದಪ್ಪವಿರಬೇಕು, ಎಳೆದರೆ ಹಿಗ್ಗುತ್ತದೆ, ಒದ್ದೆಯಾದರೆ ಭಾರವಾಗುತ್ತದೆ, ಸಣ್ಣ ರಿಂಗಿನಲ್ಲಿ ತೂರುವುದಿಲ್ಲ, ಟರ್ಪಾಲನ್ನು ಉಜ್ಜಿ ತೂತು ಮಾಡುತ್ತದೆ. ತೋಟದಲ್ಲಿ ಮರದ ಕಾಂಡಕ್ಕೆ ಒಂದು ಸುತ್ತು ಹಾಕಿ, ಅದಕ್ಕೆ ತೆಳು ಹಗ್ಗವನ್ನು ಕಟ್ಟಲು ಮಾತ್ರ ಇದು ಬಹಳ ಒಳ್ಳೆಯದು. ಒರಟಾದ್ದರಿಂದ ಜಾರುವುದಿಲ್ಲ, ದಪ್ಪವಾದ್ದರಿಂದ ತೊಗಟೆಯನ್ನು ಕೊಯ್ಯುವುದಿಲ್ಲ. ಸೆಣಬು ಮತ್ತು ಹತ್ತಿಯ ಹಗ್ಗಗಳು ನಮ್ಮ ತೇವಕ್ಕೆ ಬೂಷ್ಟು ಹಿಡಿದು ಕೊಳೆಯುತ್ತವೆ.

ಆನ್‌ಲೈನಿನಲ್ಲಿ ಎಲ್ಲರೂ ಹೊಗಳುವ ಪ್ಯಾರಾಕಾರ್ಡ್ ಕೊಳ್ಳಬಹುದೇ?

ಪ್ಯಾರಾಚೂಟಿಗಾಗಿ ಮಾಡಿದ ಈ ಹಗ್ಗದ ಪ್ರಸಿದ್ಧ ಬಗೆಯು 550 ಪೌಂಡು, ಅಂದರೆ ಸುಮಾರು 250 ಕಿಲೋ ತಡೆಯುತ್ತದೆ; ಹೊರಗೊಂದು ಹೆಣೆದ ಹೊದಿಕೆ, ಒಳಗೆ ಸಾಮಾನ್ಯವಾಗಿ ಏಳು ಎಳೆಗಳು, ಎಲ್ಲವೂ ನೈಲಾನ್. ನಮಗೆ ಬೇಕಿಲ್ಲದ ಬಲಕ್ಕೆ ಹಣ ಕೊಟ್ಟು, ನಮಗೆ ಬೇಡದ ಹಿಗ್ಗುವಿಕೆಯನ್ನು ಮನೆಗೆ ತಂದಂತಾಗುತ್ತದೆ. ಕಡಿಮೆ ಬೆಲೆಗೆ ಅದೇ ಹೆಸರಿನಲ್ಲಿ ಮಾರುವ ಹಗ್ಗಗಳಲ್ಲಿ ಒಳ ಎಳೆಗಳು ಕಡಿಮೆ ಇರುವುದೂ, ವಸ್ತು ಬೇರೆಯಾಗಿರುವುದೂ ಉಂಟು. ಈಗಾಗಲೇ ಮನೆಯಲ್ಲಿದ್ದರೆ ಧಾರಾಳವಾಗಿ ಬಳಸಿ. ಹೊಸದಾಗಿ ಕೊಳ್ಳಬೇಡಿ.

ಮೇಸ್ತ್ರಿಗಳು ಗೋಡೆಯ ನೇರ ನೋಡಲು ಕಟ್ಟುವ ದಾರ ಸಾಕೇ?

ಬೆನ್ನ ಮೇಲೆ ಹೊತ್ತು ನಡೆಯುವವರಿಗೆ, ಸಣ್ಣ ಟರ್ಪಾಲಿಗೆ, ಗಾಳಿ ಕಡಿಮೆ ಇರುವ ಕಾಡಂಚಿನಲ್ಲಿ ಆಗಬಹುದು. ಅದು ತೀರಾ ತೆಳುವಾದ್ದರಿಂದ ಬಿಗಿದ ಗಂಟು ಬಿಚ್ಚುವುದಿಲ್ಲ, ಒದ್ದೆ ಕೈಯಿಂದ ಎಳೆದರೆ ಬೆರಳನ್ನು ಕೊಯ್ಯುತ್ತದೆ, ಕತ್ತಲಲ್ಲಿ ಕಾಣುವುದಿಲ್ಲ. ದಪ್ಪದ ವಿಷಯದಲ್ಲಿ ನನ್ನ ಸಲಹೆ ಹೀಗಿದೆ: ಮೂಲೆಗಳಿಗೆ 2.5ರಿಂದ 3 ಮಿಲಿಮೀಟರ್, ಅಡ್ಡಹಗ್ಗಕ್ಕೆ 4 ಮಿಲಿಮೀಟರ್. ಅದಕ್ಕಿಂತ ದಪ್ಪವಾದರೆ ತೂಕವೂ ಬೆಲೆಯೂ ವ್ಯರ್ಥವಾಗಿ ಏರುತ್ತವೆ.

ಹೊಸೆದ ಹಗ್ಗವೋ ಹೆಣೆದ ಹಗ್ಗವೋ?

ಹೆಣೆದದ್ದು. ಹೊಸೆದ ಹಗ್ಗವು ಎಳೆತಕ್ಕೆ ಸಿಕ್ಕಾಗ ತಿರುಚಿಕೊಳ್ಳುತ್ತದೆ, ತುದಿ ಬಿಚ್ಚಿಕೊಳ್ಳುತ್ತದೆ, ಸುತ್ತಿಟ್ಟರೆ ಗೋಜಲಾಗುತ್ತದೆ.

ಒಟ್ಟು ಎಷ್ಟು ಉದ್ದ ಬೇಕಾಗುತ್ತದೆ?

ಹತ್ತಡಿ ಚೌಕದ ಟರ್ಪಾಲಿಗೆ ಅಡ್ಡಹಗ್ಗ 10 ಮೀಟರ್, ನಾಲ್ಕು ಮೂಲೆಗಳಿಗೆ ತಲಾ 3 ಮೀಟರ್, ಅಂಚಿನ ನಡುವೆ ಕಟ್ಟಲು 2 ಮೀಟರಿನ ನಾಲ್ಕು ತುಂಡುಗಳು. ಎಲ್ಲ ಸೇರಿ 30 ಮೀಟರ್. ಹಗ್ಗವನ್ನು ಗಿಡ್ಡವಾಗಿ ಕತ್ತರಿಸಿ ಉಳಿಸಲು ಹೋಗಬೇಡಿ. ಬಿಗಿಹಗ್ಗವು ನೆಲಕ್ಕೆ 45 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ ಕೋನದಲ್ಲಿ ಇಳಿಯಬೇಕು. ಕಡಿದಾಗಿ ಇಳಿದರೆ ಗಾಳಿ ಬೀಸಿದಾಗಲೆಲ್ಲ ಗೂಟವನ್ನು ಮೇಲಕ್ಕೆ ಕೀಳುತ್ತದೆ. ಟರ್ಪಾಲಿನ ಮೂಲೆ ನೆಲದಿಂದ ಎಷ್ಟು ಎತ್ತರವಿದೆಯೋ ಅದರ ಒಂದೂವರೆ ಪಟ್ಟು ಉದ್ದ, ಗಂಟಿಗೆಂದು ಇನ್ನೊಂದು ಮೀಟರ್ ಎಂದು ಲೆಕ್ಕ ಹಿಡಿದರೆ ಸರಿಹೋಗುತ್ತದೆ.

ಯಾವ ಗಂಟುಗಳನ್ನು ಕಲಿತಿರಬೇಕು?

ಮೂರು ಸಾಕು. ರಿಂಗಿಗೆ ಅಥವಾ ಮರಕ್ಕೆ ಕಟ್ಟಲು ಬೌಲೈನ್ ಎಂಬ ಜಾರದ ಕುಣಿಕೆ. ಅಡ್ಡಹಗ್ಗವನ್ನು ಬಿಗಿಯಲು, ಲಾರಿಯವರು ಲೋಡಿನ ಮೇಲೆ ಹಗ್ಗ ಎಳೆಯುವಾಗ ಹಾಕುವ ಗಂಟು: ಹಗ್ಗದ ನಡುವೆ ಒಂದು ಕುಣಿಕೆ ಮಾಡಿ, ತುದಿಯನ್ನು ಮರಕ್ಕೆ ಸುತ್ತಿ ತಂದು ಆ ಕುಣಿಕೆಯಲ್ಲಿ ತೂರಿಸಿ ಹಿಂದಕ್ಕೆ ಎಳೆಯುವುದು. ಮೂರನೆಯದು, ಗೂಟದ ಕಡೆ ಹಾಕುವ ಟಾಟ್‌ಲೈನ್ ಹಿಚ್. ಸ್ಕೌಟ್ಸ್ ಮತ್ತು ಗೈಡ್ಸ್‌ನಲ್ಲಿದ್ದವರಿಗೆ ಇದರ ಪರಿಚಯವಿರಬಹುದು. ಹಗ್ಗವನ್ನು ಗೂಟಕ್ಕೆ ಸುತ್ತಿ ಹಿಂದಕ್ಕೆ ತಂದು, ಬಿಗಿಯಾಗಿರುವ ಭಾಗದ ಮೇಲೆ ಗೂಟದ ದಿಕ್ಕಿನಲ್ಲಿ ಎರಡು ಸುತ್ತು ಸುತ್ತಿ, ಆಮೇಲೆ ಆ ಸುತ್ತುಗಳಿಂದಾಚೆ ಟರ್ಪಾಲಿನ ಕಡೆಗೆ ಒಂದು ಸುತ್ತು ಹಾಕಿ ಬಿಗಿದರೆ, ಗಂಟನ್ನು ಕೈಯಿಂದ ಸರಿಸಬಹುದು, ಎಳೆತಕ್ಕೆ ಮಾತ್ರ ಅದು ಜಾರುವುದಿಲ್ಲ. ಒದ್ದೆಯಾಗಿ ಸಡಿಲವಾದ ಹಗ್ಗವನ್ನು ಬಿಚ್ಚದೆಯೇ ಬಿಗಿಯಲು ಇದಕ್ಕಿಂತ ಅನುಕೂಲವಾದ ಗಂಟು ಇಲ್ಲ. ಬಲೆಯ ಪಾಲಿಥೀನ್ ಹುರಿಯಲ್ಲಿ ಎರಡರ ಬದಲು ಮೂರು ಅಥವಾ ನಾಲ್ಕು ಸುತ್ತು ಹಾಕಿ, ತುದಿಯಲ್ಲಿ ಒಂದು ದಪ್ಪ ಗಂಟು ಬಿಟ್ಟರೆ ಜಾರುವ ದೋಷ ನಿವಾರಣೆಯಾಗುತ್ತದೆ.

ಮರಳಿನಲ್ಲಿ ಗೂಟ ನಿಲ್ಲುವುದಿಲ್ಲ. ಏನು ಮಾಡಬೇಕು?

ಕಾಪು, ಪಡುಬಿದ್ರಿ, ಸಸಿಹಿತ್ಲುವಿನಂಥ ದಂಡೆಗಳಲ್ಲಿ ಸಾಮಾನ್ಯ ಗೂಟಕ್ಕೆ ಹಿಡಿತವೇ ಸಿಗುವುದಿಲ್ಲ. ಒಂದು ಗೋಣಿ ಚೀಲಕ್ಕೆ ಮರಳು ತುಂಬಿ ಬಾಯಿ ಕಟ್ಟಿ, ಅದಕ್ಕೆ ಹಗ್ಗವನ್ನು ಬಿಗಿದು, ಒಂದು ಮೊಳ ಆಳದಲ್ಲಿ ಹೂತು ಮೇಲೆ ತುಳಿದು ಗಟ್ಟಿ ಮಾಡಿದರೆ ಅದು ಕದಲುವುದಿಲ್ಲ. ಹೂಳುವ ಆಳಕ್ಕಾಗಿ ಒಂದು ಮೀಟರ್ ಹೆಚ್ಚು ಹಗ್ಗ ಬೇಕಾಗುತ್ತದೆ. ದಂಡೆಯ ಗಾಳಿಮರಗಳ ಕಾಂಡಕ್ಕೆ ಕಟ್ಟಬಹುದು. ತೆಂಗಿನ ಮರಕ್ಕೆ ಕಟ್ಟಿ ಅದರ ಬುಡದಲ್ಲೇ ಮಲಗುವುದನ್ನು ಮಾತ್ರ ಯಾವ ಕಾರಣಕ್ಕೂ ಮಾಡಬಾರದು. ಕಾಯಿಯೋ ಒಣಗಿದ ಮಡಲೋ ತಲೆಯ ಮೇಲೆ ಬಿದ್ದರೆ ಟರ್ಪಾಲು ತಡೆಯುವುದಿಲ್ಲ.

ಮುರಕಲ್ಲಿನ (ಜಂಬಿಟ್ಟಿಗೆಯ) ಪದವುಗಳಲ್ಲಿ, ಅಂದರೆ ಎತ್ತರದ ಕಲ್ಲುಬಯಲುಗಳಲ್ಲಿ?

ಬೇಸಿಗೆಯಲ್ಲಿ ಅಲ್ಲಿ ಗೂಟ ಇಳಿಯುವುದೇ ಇಲ್ಲ, ಕಲ್ಲಿಗೇ ಕಟ್ಟಬೇಕಾಗುತ್ತದೆ. ಮುರಕಲ್ಲಿನ ಮೈ ಅರದಂತೆ ಒರಟು. ಗಾಳಿಗೆ ಹಗ್ಗ ಅಲುಗಿದಾಗಲೆಲ್ಲ ಒಂದೊಂದೇ ಎಳೆಯನ್ನು ಅದು ತಿನ್ನುತ್ತದೆ ಮತ್ತು ಬೆಳಗಾಗುವುದರೊಳಗೆ 3 ಮಿಲಿಮೀಟರಿನ ಹಗ್ಗವನ್ನು ಕಡಿದುಹಾಕಬಲ್ಲದು. ಕಲ್ಲು ತಾಗುವ ಭಾಗಕ್ಕೆ ಹಳೆಯ ಸೈಕಲ್ ಟ್ಯೂಬಿನ ಒಂದು ತುಂಡನ್ನು ತೂರಿಸಿ ಕಟ್ಟಿ, ಇಲ್ಲವೇ ದಪ್ಪ ಬಟ್ಟೆಯನ್ನು ಸುತ್ತಿ. ಅದೇ ಟ್ಯೂಬಿನಿಂದ ಕತ್ತರಿಸಿದ ಬಳೆಗಳನ್ನು ರಿಂಗಿಗೂ ಹಗ್ಗಕ್ಕೂ ನಡುವೆ ಹಾಕಿದರೆ ಗಾಳಿಯ ಹೊಡೆತವನ್ನು ಅವು ನುಂಗಿಕೊಳ್ಳುತ್ತವೆ. ಬೈಕಿನ ಹಿಂದೆ ಸಾಮಾನು ಕಟ್ಟುವ ಕೊಕ್ಕೆಯಿರುವ ಇಲಾಸ್ಟಿಕ್ ಬೇಡ. ಕೊಕ್ಕೆ ಕಳಚಿ ಹಾರಿದರೆ ಕಣ್ಣಿಗೆ ಅಪಾಯ.

ಟರ್ಪಾಲಿನ ರಿಂಗು ಕಿತ್ತುಹೋಗಿದೆ. ಹಗ್ಗವನ್ನು ಎಲ್ಲಿಗೆ ಕಟ್ಟಲಿ?

ಅಂಚಿನಿಂದ ಒಂದು ಗೇಣು ಒಳಗೆ, ಅಡಿಕೆ ಗಾತ್ರದ ಒಂದು ನುಣುಪಾದ ಹೊಳೆಕಲ್ಲನ್ನು ಟರ್ಪಾಲಿನ ಕೆಳಗಿಟ್ಟು, ಅದರ ಸುತ್ತ ಹಾಳೆಯನ್ನು ಹಿಂಡಿ ಹಿಡಿದು, ಕುತ್ತಿಗೆಯ ಭಾಗಕ್ಕೆ ಹಗ್ಗವನ್ನು ಬಿಗಿಯಿರಿ. ಇದು ಅಗ್ಗದ ಟರ್ಪಾಲಿನ ರಿಂಗಿಗಿಂತ ಹೆಚ್ಚು ಗಟ್ಟಿ. ಹೊಸ ಟರ್ಪಾಲಿನಲ್ಲೂ ಗಾಳಿ ಬೀಸುವ ಕಡೆಗೆ ಹೀಗೆಯೇ ಕಟ್ಟುವುದು ಒಳ್ಳೆಯದು.

ಹಗ್ಗದ ಮೇಲೆ ಹರಿದ ಮಳೆನೀರು ಒಳಗೆ ಬರುತ್ತದೆ.

ಮರದ ಕಾಂಡದಿಂದ ಇಳಿದ ನೀರು ಅಡ್ಡಹಗ್ಗವನ್ನು ಹಿಡಿದು ಟರ್ಪಾಲಿನ ಅಡಿಗೆ ಬರುವುದು ಸಹಜ. ಟರ್ಪಾಲಿನ ಅಂಚಿನಿಂದ ಒಂದು ಗೇಣು ಹೊರಗೆ, ಹಗ್ಗಕ್ಕೆ ಒಂದು ಚಿಂದಿಯನ್ನು ಕಟ್ಟಿ ಇಳಿಬಿಡಿ. ನೀರು ಅಲ್ಲಿಯೇ ತೊಟ್ಟಿಕ್ಕಿ ಹೋಗುತ್ತದೆ.

ರಾತ್ರಿ ಹಗ್ಗ ಕಾಲಿಗೆ ತೊಡರದಂತೆ ಏನು ಮಾಡಬಹುದು?

ಹೊಳೆಯುವ ಎಳೆ ಸೇರಿಸಿದ ಹಗ್ಗಕ್ಕೆ ಬೆಲೆ ಹೆಚ್ಚು. ಅದರ ಬದಲು ಮೊಣಕಾಲಿನ ಎತ್ತರದಲ್ಲಿ ಬಿಳಿ ಬಟ್ಟೆಯ ಪಟ್ಟಿಯನ್ನೋ ವಾಹನಗಳಿಗೆ ಅಂಟಿಸುವ ಹೊಳೆಯುವ ಟೇಪಿನ ತುಂಡನ್ನೋ ಕಟ್ಟಿದರೆ ಸಾಕು. ಬಲೆಯ ಹುರಿ ಹಸಿರು ಬಣ್ಣದ್ದಾದರೆ ಹುಲ್ಲಿನ ನಡುವೆ ಹಗಲಿನಲ್ಲೂ ಕಾಣುವುದಿಲ್ಲ, ಮಕ್ಕಳಿರುವ ಬಿಡಾರದಲ್ಲಿ ಇದನ್ನು ಮರೆಯಲೇಬಾರದು.

ಇದೇ ಹಗ್ಗದಿಂದ ಜೋಲಿ ಕಟ್ಟಬಹುದೇ?

ಖಂಡಿತ ಬೇಡ. ಇಲ್ಲಿ ಹೇಳಿದ ಯಾವ ಹಗ್ಗವೂ ಮನುಷ್ಯರ ಭಾರ ಹೊರಲು ತಕ್ಕದ್ದಲ್ಲ. ಜೋಲಿಯ ಎಳೆತವು ಮಲಗಿದವರ ತೂಕಕ್ಕಿಂತಲೂ ಹೆಚ್ಚಾಗಬಹುದು, ಮತ್ತು ತೆಳು ಹಗ್ಗ ಮರದ ತೊಗಟೆಯನ್ನು ಕೊಯ್ಯುತ್ತದೆ.

ಕಡಲದಂಡೆಯಲ್ಲಿ ಬಿದ್ದಿರುವ ಹಗ್ಗದ ತುಂಡುಗಳನ್ನು ಬಳಸಬಹುದೇ?

ಬಳಸಬೇಡಿ, ಆದರೆ ಹೆಕ್ಕಿ ತನ್ನಿ. ಎಷ್ಟು ಕಾಲ ಬಿಸಿಲಿನಲ್ಲಿ ಬಿದ್ದಿತ್ತು ಎಂಬುದು ತಿಳಿಯದ ಹಗ್ಗವನ್ನು ನಂಬುವಂತಿಲ್ಲ. ಎಳೆಗಳ ನಡುವೆ ಸೇರಿದ ಮರಳು ಅದನ್ನು ಒಳಗಿನಿಂದಲೇ ಸವೆಸಿರುತ್ತದೆ.

ಬಿಡಾರದಿಂದ ಬಂದ ಮೇಲೆ ಹಗ್ಗವನ್ನು ಹೇಗೆ ಇಡಬೇಕು? ಯಾವಾಗ ಎಸೆಯಬೇಕು?

ದಂಡೆಯಿಂದ ಬಂದಿದ್ದರೆ ಸಿಹಿನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿ; ಒಣಗಿದ ಉಪ್ಪಿನ ಹರಳುಗಳು ಎಳೆಗಳನ್ನು ಉಜ್ಜುತ್ತವೆ. ಹೆಬ್ಬೆರಳು ಮತ್ತು ಕಿರುಬೆರಳುಗಳ ನಡುವೆ ಎಂಟರ ಆಕಾರದಲ್ಲಿ ಸುತ್ತಿ ನಡುವೆ ಕಟ್ಟಿಟ್ಟರೆ ಮುಂದಿನ ಸಲ ಗೋಜಲಾಗದೆ ಬಿಚ್ಚಿಕೊಳ್ಳುತ್ತದೆ. ಹೊಸ ತುಂಡು ಕತ್ತರಿಸಿದಾಗ ತುದಿಯನ್ನು ಮೇಣದಬತ್ತಿಯ ಉರಿಗೆ ಹಿಡಿದು ಕರಗಿಸಿ ಮುಚ್ಚಬೇಕು, ಕರಗಿದ್ದನ್ನು ಬೆರಳಿನಿಂದ ಮುಟ್ಟಬಾರದು.

ಮಳೆಗಾಲ ಮುಗಿದ ಮೇಲೊಮ್ಮೆ ಪ್ರತಿ ಹಗ್ಗವನ್ನೂ ಬೆರಳುಗಳ ನಡುವೆ ಎಳೆದು ನೋಡಿ. ಒಂದೆಡೆ ತೆಳುವಾಗಿದ್ದರೆ, ಬಣ್ಣ ಬಿಳಿಚಿ ಬಿರುಸಾಗಿದ್ದರೆ, ಪುಡಿ ಉದುರಿದರೆ ಆ ಭಾಗವನ್ನು ಕತ್ತರಿಸಿ, ಉಳಿದದ್ದನ್ನು ಅಂಚಿನ ಗಿಡ್ಡ ಹಗ್ಗವಾಗಿ ಬಳಸಬಹುದು. ಕತ್ತರಿಸಿದ ತುಂಡುಗಳನ್ನು ಹೊಳೆಗೋ ದಂಡೆಗೋ ಬಿಡಬೇಡಿ, ಸುಡಲೂ ಬೇಡಿ. ಕುಂದಾಪುರದ ಕೋಡಿಯೂ ಸೇರಿದಂತೆ ಈ ಕರಾವಳಿಯ ದಂಡೆಗಳಿಗೆ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ, ಮತ್ತು ಹಗ್ಗ ಹಾಗೂ ಬಲೆಯ ತುಂಡುಗಳು ಅವುಗಳ ಕಾಲಿಗೂ ಕುತ್ತಿಗೆಗೂ ಸಿಕ್ಕಿಕೊಳ್ಳುತ್ತವೆ. ಮನೆಯ ಒಣಕಸದೊಂದಿಗೆ ಪಂಚಾಯತಿನ ಅಥವಾ ನಗರಸಭೆಯ ವಾಹನಕ್ಕೆ ಕೊಡಿ.